ಬ್ಯಾಂಜೊ ಪ್ಯಾಟರ್ಸನ್‌ನನ್ನು ಓದುವುದು ಹೇಗೆ: ಹೊಸ ಓದುಗರಿಗೆ ಒಂದು ಕೈಪಿಡಿ

ಆಸ್ಟ್ರೇಲಿಯಾದ ಹತ್ತು ಡಾಲರ್ ನೋಟಿನ ಎರಡು ಬದಿಗಳಲ್ಲೂ ಕವಿಗಳಿದ್ದಾರೆ. ಒಂದು ಬದಿಯಲ್ಲಿ ಮೇರಿ ಗಿಲ್ಮೋರ್, ಇನ್ನೊಂದು ಬದಿಯಲ್ಲಿ ಆ ದೇಶ ‘ಬ್ಯಾಂಜೊ’ ಎಂದು ಅಕ್ಕರೆಯಿಂದ ಕರೆಯುವ ಆ್ಯಂಡ್ರ್ಯೂ ಬಾರ್ಟನ್ ಪ್ಯಾಟರ್ಸನ್. ಭೂತಗನ್ನಡಿಯಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಅವನದೇ ಕವಿತೆಯ ಸಾಲುಗಳನ್ನು ಆ ನೋಟಿನಲ್ಲಿ ಅಚ್ಚು ಹಾಕಿದ್ದಾರೆ. ಇಷ್ಟು ಪ್ರಸಿದ್ಧನಾದ ಕವಿಯನ್ನು ಹೊರಗಿನ ಓದುಗರು ಮೊದಲ ಬಾರಿಗೆ ಕೈಗೆತ್ತಿಕೊಂಡಾಗ ಸ್ವಲ್ಪ ನಿರಾಸೆಯಾಗುವುದುಂಟು. ಪುಟ ತಿರುವಿದಲ್ಲೆಲ್ಲ ಕುದುರೆ, ಕುರಿ, ಪಂದ್ಯ, ನಕಾಶೆಯಲ್ಲಿ ಹುಡುಕಬೇಕಾದ ನದಿಗಳ ಹೆಸರು. ಪ್ರಾಸ ಎಷ್ಟು ಸಲೀಸಾಗಿ ಹರಿಯುತ್ತದೆಂದರೆ ಇದು ಮಕ್ಕಳ ಪದ್ಯವೇ ಇರಬೇಕೆಂಬ ಅನುಮಾನ ಹುಟ್ಟುತ್ತದೆ. ಹಲವರು ಅವನ ‘ವಾಲ್ಟ್‌ಜಿಂಗ್ ಮಟಿಲ್ಡಾ’ ಹಾಡನ್ನು ಒಮ್ಮೆ ಕೇಳಿ ಅಲ್ಲಿಗೇ ನಿಲ್ಲಿಸುತ್ತಾರೆ. ಎಲ್ಲಿಂದ ಆರಂಭಿಸಬೇಕು, ಏನನ್ನು ಮೊದಲೇ ತಿಳಿದಿರಬೇಕು, ಎಲ್ಲಿ ನಿಂತು ಯೋಚಿಸಬೇಕು ಎಂಬುದನ್ನು ಸ್ವಲ್ಪ ವ್ಯವಸ್ಥಿತವಾಗಿ ಹೇಳಿದರೆ ಈ ಕವಿ ಬೇಗ ಹತ್ತಿರವಾಗುತ್ತಾನೆಂಬ ನಂಬಿಕೆಯಿಂದ ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದ ಒಂದು ಸಂಗತಿ

ಕವಿಯ ಬದುಕನ್ನು ಬದಿಗಿಟ್ಟು ಕವಿತೆಯನ್ನಷ್ಟೇ ಓದಬೇಕೆಂಬ ವಾದವನ್ನು ನಾನು ಬಲ್ಲೆ. ಪ್ಯಾಟರ್ಸನ್‌ನ ವಿಷಯದಲ್ಲಿ ಅದು ಓದುಗರಿಗೆ ನಷ್ಟವನ್ನೇ ಉಂಟುಮಾಡುತ್ತದೆ. ಆಸ್ಟ್ರೇಲಿಯಾದ ಒಳನಾಡನ್ನು, ಅಲ್ಲಿನ ಸವಾರರನ್ನು, ಬಯಲಿನ ಬೆಳಕನ್ನು ಹಾಡಿ ಹೆಸರಾದ ಈ ಕವಿ ತನ್ನ ಅತ್ಯುತ್ತಮ ಪದ್ಯಗಳನ್ನು ಬರೆದದ್ದು ಸಿಡ್ನಿ ನಗರದ ವಕೀಲರ ಕಚೇರಿಯೊಂದರಲ್ಲಿ ದುಡಿಯುತ್ತಿದ್ದ ಕಾಲದಲ್ಲಿ. ಈ ದೂರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಅವನ ಅರ್ಧದಷ್ಟು ಕವಿತೆಗಳು ತಾವಾಗಿಯೇ ತೆರೆದುಕೊಳ್ಳುತ್ತವೆ.

ಪ್ಯಾಟರ್ಸನ್ ಹುಟ್ಟಿದ್ದು 1864ರ ಫೆಬ್ರುವರಿ 17ರಂದು, ನ್ಯೂ ಸೌತ್ ವೇಲ್ಸ್‌ನ ಆರೆಂಜ್ ಪಟ್ಟಣದ ಸಮೀಪದ ನರಾಂಬ್ಲಾದಲ್ಲಿ. ತಂದೆ ಸ್ಕಾಟ್ಲೆಂಡಿನಿಂದ ಬಂದು ಕುರಿ ಸಾಕಣೆಗೆ ನಿಂತವನು. ತಾಯಿ ರೋಸ್ ಬಾರ್ಟನ್, ಮುಂದೆ ಆಸ್ಟ್ರೇಲಿಯಾದ ಮೊದಲ ಪ್ರಧಾನಿಯಾದ ಎಡ್ಮಂಡ್ ಬಾರ್ಟನ್‌ಗೆ ಸಂಬಂಧಿ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಸಂಸಾರ ಯಾಸ್ ಪ್ರದೇಶದ ಇಲ್ಲಲಾಂಗ್ ಎಂಬಲ್ಲಿಗೆ ಬಂತು. ಸಿಡ್ನಿಗೂ ಮೆಲ್ಬರ್ನ್‌ಗೂ ನಡುವಿನ ಹೆದ್ದಾರಿ ಅಲ್ಲಿಂದ ದೂರವಿರಲಿಲ್ಲ. ಎತ್ತಿನ ಬಂಡಿಗಳ ಸಾಲು, ಕಾಬ್ ಅಂಡ್ ಕೋ ಕಂಪನಿಯ ಕುದುರೆಗಾಡಿಗಳು, ಚಿನ್ನ ಸಾಗಿಸುವ ಕಾವಲು ಪಡೆ, ನೂರಾರು ಮೈಲಿ ದನ ಹೊಡೆದುಕೊಂಡು ಹೋಗುವ ಆಳುಗಳು, ಹೀಗೆ ಆ ಕಾಲದ ಒಳನಾಡಿನ ಸಂಚಾರವೆಲ್ಲ ಹುಡುಗನ ಕಣ್ಣೆದುರೇ ಹಾದುಹೋಗುತ್ತಿತ್ತು. ಬಿನಾಲಾಂಗ್‌ನ ಹಳ್ಳಿ ಶಾಲೆಗೆ ಅವನು ಕುದುರೆಯ ಮೇಲೆ ಹೋಗುತ್ತಿದ್ದ. 1874ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅವನನ್ನು ಸಿಡ್ನಿ ಗ್ರಾಮರ್ ಶಾಲೆಗೆ ಕಳುಹಿಸಿದರು. ಗ್ಲೇಡ್ಸ್‌ವಿಲ್‌ನಲ್ಲಿದ್ದ ಅಜ್ಜಿ ಎಮಿಲಿ ಬಾರ್ಟನ್‌ಳ ಮನೆಯಲ್ಲಿ ಬೆಳೆದ. ಹದಿನಾರಕ್ಕೆ ಶಾಲೆ ಮುಗಿಸಿ ವಕೀಲರ ಕಚೇರಿ ಸೇರಿ, 1886ರಲ್ಲಿ ತಾನೂ ಸಾಲಿಸಿಟರ್ ಆದ.

ಹತ್ತು ವರ್ಷ ಬಯಲಿನಲ್ಲಿ ಬೆಳೆದು, ಆಮೇಲಿನ ಹತ್ತು ಹದಿನೈದು ವರ್ಷ ನಗರದ ಗೋಡೆಗಳ ನಡುವೆ ಕಳೆದವನ ನೆನಪು ಎಂಥದೆಂದು ಊಹಿಸಿಕೊಳ್ಳಿ. ಅದು ತೀರ ನಿಖರವಾಗಿರುತ್ತದೆ, ತೀರ ಚೆಲುವಾಗಿಯೂ ಇರುತ್ತದೆ. ಪ್ಯಾಟರ್ಸನ್‌ನಲ್ಲಿ ಈ ಎರಡೂ ಗುಣಗಳನ್ನು ಜೊತೆಯಲ್ಲಿ ಹುಡುಕಬೇಕು. ಅವನ ಕುದುರೆಗಳ ವಿವರಗಳಲ್ಲಿ ತಪ್ಪು ಹುಡುಕುವುದು ಕಷ್ಟ; ಅವನ ಬಯಲಿನಲ್ಲಿ ಮಾತ್ರ ಬಿಸಿಲು ಸುಡುವುದಕ್ಕಿಂತ ಹೊಳೆಯುವುದೇ ಹೆಚ್ಚು.

‘ಬ್ಯಾಂಜೊ’ ಎಂಬ ಹೆಸರಿನ ಹಿಂದೆಯೂ ಒಂದು ಕುದುರೆಯಿದೆ. 1880ರಲ್ಲಿ ಸಿಡ್ನಿಯಲ್ಲಿ ಆರಂಭವಾದ ‘ದಿ ಬುಲೆಟಿನ್’ ವಾರಪತ್ರಿಕೆಗೆ ಅವನು ಬರೆಯತೊಡಗಿದಾಗ, ಮನೆಯವರು ಸಾಕಿದ್ದ ಪಂದ್ಯದ ಕುದುರೆಯೊಂದರ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ. ಆ ಪತ್ರಿಕೆಯಲ್ಲಿ 1885ರಲ್ಲಿ ಬಂದ ಅವನ ಮೊದಲ ಪದ್ಯ ಒಳನಾಡಿನ ಬಗ್ಗೆ ಇರಲಿಲ್ಲ. ಸುಡಾನ್ ಯುದ್ಧಕ್ಕೆ ನ್ಯೂ ಸೌತ್ ವೇಲ್ಸ್ ಸೈನಿಕರನ್ನು ಕಳುಹಿಸುತ್ತಿದ್ದುದನ್ನು ಖಂಡಿಸಿ, ಶತ್ರುಪಡೆಯ ನಾಯಕನ ಬಾಯಲ್ಲಿ ಆಡಿಸಿದ ಮಾತು ಅದು. ಅವನನ್ನು ಬರಿಯ ಸವಾರಿಯ ಕವಿ ಎಂದು ತಿಳಿದವರು ಈ ಆರಂಭವನ್ನು ಮರೆಯಬಾರದು.

ಯಾವ ಕವಿತೆಯಿಂದ ಆರಂಭಿಸಬೇಕು

‘ಕ್ಲ್ಯಾನ್ಸಿ ಆಫ್ ದಿ ಓವರ್‌ಫ್ಲೋ’ದಿಂದ. ಇದು 1889ರ ಡಿಸೆಂಬರ್ 21ರ ‘ಬುಲೆಟಿನ್’ನಲ್ಲಿ ಪ್ರಕಟವಾಯಿತು, ಆಗ ಕವಿಗೆ 25 ವರ್ಷ. ನಿರೂಪಕ ಕ್ಲ್ಯಾನ್ಸಿ ಎಂಬವನನ್ನು ಹಿಂದೆ ಲಾಕ್ಲನ್ ನದಿಯ ತೀರದಲ್ಲಿ ಕಂಡಿದ್ದವನು. ‘ಓವರ್‌ಫ್ಲೋ’ ಎಂಬ ಕುರಿ ಸಾಕಣೆಯ ನೆಲೆಯ ವಿಳಾಸಕ್ಕೆ ಅವನಿಗೊಂದು ಪತ್ರ ಬರೆಯುತ್ತಾನೆ. ಉತ್ತರ ಬರುವುದು ಅವನ ಜೊತೆಗಾರನೊಬ್ಬನಿಂದ. ಡಾಂಬರಿನಲ್ಲಿ ಅದ್ದಿದ ಹೆಬ್ಬೆರಳ ಉಗುರಿನಿಂದ ಗೀಚಿದಂತಿರುವ ಆ ಉತ್ತರದಲ್ಲಿ ಇರುವುದು ಇಷ್ಟೆ: ಕ್ಲ್ಯಾನ್ಸಿ ದನ ಹೊಡೆದುಕೊಂಡು ಕ್ವೀನ್ಸ್‌ಲ್ಯಾಂಡಿಗೆ ಹೋಗಿದ್ದಾನೆ, ಎಲ್ಲಿದ್ದಾನೋ ನಮಗೆ ತಿಳಿಯದು. ಆ ಒಂದು ವಾಕ್ಯದ ಬಲದ ಮೇಲೆ ನಿರೂಪಕ ತನ್ನ ಕಚೇರಿಯಲ್ಲಿ ಕುಳಿತೇ ಬಿಸಿಲು ತುಂಬಿದ ಬಯಲನ್ನೂ ರಾತ್ರಿಯ ಕೊನೆಯಿಲ್ಲದ ನಕ್ಷತ್ರಗಳನ್ನೂ ಕಾಣುತ್ತಾನೆ. ಮರುಕ್ಷಣ ಕಟ್ಟಡಗಳ ನಡುವಿನ ಜಿಪುಣ ಬೆಳಕಿಗೆ, ಧೂಳಿಗೆ, ಟ್ರಾಮುಗಳ ಸದ್ದಿಗೆ, ಪುರುಸೊತ್ತಿಲ್ಲದ ಜನರ ಬಿಳಚಿದ ಮುಖಗಳಿಗೆ ಹಿಂದಿರುಗುತ್ತಾನೆ. ಕ್ಲ್ಯಾನ್ಸಿಯ ಜಾಗದಲ್ಲಿ ತಾನಿರಬಾರದಿತ್ತೇ ಎಂದು ಆಸೆಪಡುತ್ತಾನೆ. ಆದರೆ ಕಚೇರಿಯ ಲೆಕ್ಕದ ಪುಸ್ತಕಗಳಿಗೆ ಕ್ಲ್ಯಾನ್ಸಿ ಒಗ್ಗಲಾರ ಎಂಬ ಅನುಮಾನದಲ್ಲಿ ಕವಿತೆ ನಿಲ್ಲುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಕ್ಲ್ಯಾನ್ಸಿ ಕವಿತೆಯೊಳಗೆ ಒಮ್ಮೆಯೂ ಮಾತನಾಡುವುದಿಲ್ಲ. ಅವನು ಇಲ್ಲದಿರುವುದೇ ಈ ಕವಿತೆಯ ವಸ್ತು. ಬಯಲಿನ ಬದುಕು ಹೇಗಿತ್ತೆಂಬುದರ ದಾಖಲೆಯಾಗಿ ಇದನ್ನು ಓದಿದರೆ ಅತಿಯಾಯಿತೆನ್ನಿಸುತ್ತದೆ. ಕುರ್ಚಿಗೆ ಕಟ್ಟಿಬಿದ್ದವನೊಬ್ಬನ ಹಂಬಲವಾಗಿ ಓದಿದರೆ ಒಂದು ಪದವೂ ಹೆಚ್ಚೆನ್ನಿಸುವುದಿಲ್ಲ.

ಎರಡನೆಯದಾಗಿ ‘ದಿ ಮ್ಯಾನ್ ಫ್ರಮ್ ಸ್ನೋಯಿ ರಿವರ್’ ಓದಬೇಕು. ಅದು ಬಂದದ್ದು ನಾಲ್ಕೇ ತಿಂಗಳ ತರುವಾಯ, 1890ರ ಏಪ್ರಿಲ್ 26ರಂದು. ಸಾವಿರ ಪೌಂಡ್ ಬೆಲೆಬಾಳುವ ಮರಿಗುದುರೆಯೊಂದು ತಪ್ಪಿಸಿಕೊಂಡು ಕಾಡುಕುದುರೆಗಳ ಹಿಂಡನ್ನು ಸೇರಿದೆ. ಸುತ್ತಲಿನ ಹೆಸರಾಂತ ಸವಾರರೆಲ್ಲ ಒಟ್ಟಾಗಿದ್ದಾರೆ. ಅವರ ನಡುವೆ ಕ್ಲ್ಯಾನ್ಸಿಯೂ ಇದ್ದಾನೆ. ಬಡಕಲು, ಗಿಡ್ಡ ಕುದುರೆಯೊಂದನ್ನೇರಿ ಬಂದ ಹುಡುಗನನ್ನು ಯಜಮಾನ ಬೇಡವೆನ್ನುತ್ತಾನೆ; ಕ್ಲ್ಯಾನ್ಸಿ ಅವನ ಪರವಾಗಿ ಮಾತನಾಡುತ್ತಾನೆ. ಹಿಂಡು ಬೆಟ್ಟದ ತುದಿಯನ್ನು ದಾಟಿ ಆಚೆಯ ಕಡಿದಾದ ಇಳಿಜಾರಿಗೆ ನುಗ್ಗಿದಾಗ ಕ್ಲ್ಯಾನ್ಸಿಯೂ ಕಡಿವಾಣ ಎಳೆಯುತ್ತಾನೆ. ಪೊದೆಗಳು ದಟ್ಟವಾಗಿ ಬೆಳೆದು ವೊಂಬ್ಯಾಟ್ ಎಂಬ ಪ್ರಾಣಿಯ ಬಿಲಗಳನ್ನು ಮುಚ್ಚಿರುವ ಆ ಇಳಿಜಾರಿನಲ್ಲಿ ಹುಡುಗನೊಬ್ಬನೇ ಕುದುರೆಯನ್ನು ಬಿಡುತ್ತಾನೆ, ಒಬ್ಬನೇ ಹಿಂಡನ್ನು ತಿರುಗಿಸಿ ತರುತ್ತಾನೆ. ಆ ಹುಡುಗನ ಹೆಸರು ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಊರಿನ ಹೆಸರೇ ಅವನ ಹೆಸರಾಗುತ್ತದೆ. ಜೊತೆಗೆ ಅವನ ಕುದುರೆಯ ಮೈಮೇಲಿನ ರಕ್ತವನ್ನು ಕವಿ ಮರೆಮಾಚದೆ ಹೇಳುತ್ತಾನೆ. ಗೆಲುವಿನ ಬೆಲೆ ತೆತ್ತವರು ಯಾರೆಂಬುದು ಅವನಿಗೆ ಗೊತ್ತಿತ್ತು.

ಈ ಕವಿತೆಯನ್ನು ಬಾಯಿಬಿಟ್ಟು ಓದದಿದ್ದರೆ ಓದಿದಂತೆಯೇ ಆಗಲಿಲ್ಲ. ಮೊದಲ ಸಾಲನ್ನೇ ತೆಗೆದುಕೊಳ್ಳಿ: ‘ದೇರ್ ವಾಸ್ ಮೂವ್‌ಮೆಂಟ್ ಅಟ್ ದ ಸ್ಟೇಷನ್, ಫಾರ್ ದ ವರ್ಡ್ ಹ್ಯಾಡ್ ಪಾಸ್ಡ್ ಅರೌಂಡ್’. ‘ಮೂವ್’, ‘ಸ್ಟೇ’, ‘ವರ್ಡ್’, ‘ರೌಂಡ್’ ಎಂಬ ನಾಲ್ಕು ಕಡೆ ದನಿ ಭಾರವಾಗಿ ಬೀಳುತ್ತದೆ. ಅವುಗಳ ನಡುವೆ ಮೂರು ಮೂರು ಹಗುರ ಅಕ್ಷರಗಳು ಓಡುತ್ತವೆ. ಮರುಸಾಲಿನಲ್ಲಿ ಭಾರದ ಜಾಗಗಳು ಮೂರೇ. ನಾಲ್ಕು, ಮೂರು, ನಾಲ್ಕು, ಮೂರು ಎಂದು ಹೀಗೆ ಕವಿತೆ ಕುದುರೆಯ ನಾಗಾಲೋಟದಲ್ಲಿ ಹೊರಡುತ್ತದೆ. ಕನ್ನಡದ ಓದುಗರು ಇಲ್ಲಿ ಒಂದು ಎಚ್ಚರ ವಹಿಸಬೇಕು. ನಾವು ಗುರು ಲಘುಗಳನ್ನು ಅಕ್ಷರದ ಕಾಲಮಾನದಿಂದ ಅಳೆದು ಮಾತ್ರೆ ಎಣಿಸುತ್ತೇವೆ. ಇಂಗ್ಲಿಷಿನಲ್ಲಿ ಎಣಿಕೆಗೆ ಬರುವುದು ದನಿಯ ಒತ್ತು. ಮಾತ್ರೆ ಎಣಿಸಲು ಹೋದರೆ ಲಯ ಸಿಕ್ಕುವುದಿಲ್ಲ. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಲಾವಣಿಕಾರನ ಡಪ್ಪಿನ ಪೆಟ್ಟು ಎಲ್ಲಿ ಬೀಳಬಹುದೆಂದು ಊಹಿಸುತ್ತ ಓದಿದರೆ ಎರಡನೆಯ ಪದ್ಯಕ್ಕೆ ಬರುವಷ್ಟರಲ್ಲಿ ಅದು ನಾಲಗೆಗೆ ಕೂರುತ್ತದೆ. ‘ಕ್ಲ್ಯಾನ್ಸಿ’ಯಲ್ಲಿ ಇದರ ಜೊತೆಗೆ ಒಳಪ್ರಾಸವೂ ಇದೆ: ‘ಲೆಟರ್’ಗೆ ‘ಬೆಟರ್’, ‘ಸಿಟಿ’ಗೆ ‘ಗ್ರಿಟಿ’. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಹುಡುಕಿ ರೂಢಿಯಾದ ನಮ್ಮ ಕಿವಿ, ಸಾಲಿನ ನಡುವೆ ಮತ್ತು ಕೊನೆಯಲ್ಲಿ ಕೇಳುವ ಈ ಮಾರ್ದನಿಗೆ ಸ್ವಲ್ಪ ಹೊತ್ತು ತೆಗೆದುಕೊಂಡು ಹೊಂದಿಕೊಳ್ಳುತ್ತದೆ.

ಇನ್ನೊಂದು ಸಣ್ಣ ಸಂತೋಷವನ್ನೂ ತಪ್ಪಿಸಿಕೊಳ್ಳಬೇಡಿ. ‘ಸ್ನೋಯಿ ರಿವರ್’ನಲ್ಲಿ ಹ್ಯಾರಿಸನ್ ಎಂಬ ಮುದುಕ ಬರುತ್ತಾನೆ, ಪಾರ್ಡನ್ ಎಂಬ ಕುದುರೆ ಪಂದ್ಯ ಗೆದ್ದಾಗ ಹಣ ಮಾಡಿದವನು ಅವನು. ಆ ಪಾರ್ಡನ್‌ನ ಕತೆಯನ್ನು ಪ್ಯಾಟರ್ಸನ್ ಅದಕ್ಕೂ ಮೊದಲೇ, 1888ರಲ್ಲಿ, ಬೇರೊಂದು ಪದ್ಯದಲ್ಲಿ ಹೇಳಿ ಆಗಿತ್ತು. ಒಂದು ಕವಿತೆಯ ಪಾತ್ರ ಇನ್ನೊಂದರಲ್ಲಿ ಕುದುರೆಯಿಂದಿಳಿದು ಬರುವುದರಿಂದ, ಹತ್ತು ಪದ್ಯ ಓದುವಷ್ಟರಲ್ಲಿ ನಮಗೆ ಒಂದು ಸೀಮೆಯ ಜನರೆಲ್ಲ ಪರಿಚಯವಾದಂತಾಗುತ್ತದೆ.

ಪದಗಳ ತೊಡಕು

ನಿಘಂಟು ಹಿಡಿದು ಕೂರುವ ಅಗತ್ಯವಿಲ್ಲ; ಆದರೆ ನಮಗೆ ಗೊತ್ತಿದೆಯೆಂದು ನಾವು ಭಾವಿಸುವ ಕೆಲವು ಪದಗಳೇ ಇಲ್ಲಿ ದಾರಿ ತಪ್ಪಿಸುತ್ತವೆ. ‘ಸ್ಟೇಷನ್’ ಎಂದರೆ ರೈಲು ನಿಲ್ದಾಣವೂ ಅಲ್ಲ, ಪೊಲೀಸ್ ಠಾಣೆಯೂ ಅಲ್ಲ. ಸಾವಿರಾರು ಎಕರೆ ಹರಡಿರುವ ಕುರಿ ಅಥವಾ ದನ ಸಾಕಣೆಯ ನೆಲೆ. ‘ರನ್’ ಎಂಬುದು ಅದರ ಮೇವಿನ ನೆಲ. ‘ಬುಷ್’ ಎಂದರೆ ಪೊದೆಯಲ್ಲ, ನಗರದ ಆಚೆಗಿನ ಇಡೀ ಒಳನಾಡು. ‘ಸ್ಕ್ವಾಟರ್’ ಎಂಬುದು ಮೊದಲಿಗೆ ಸರ್ಕಾರಿ ಭೂಮಿಯಲ್ಲಿ ಅಪ್ಪಣೆಯಿಲ್ಲದೆ ನೆಲೆಯೂರಿದವನ ಹೆಸರಾಗಿತ್ತು; ಪ್ಯಾಟರ್ಸನ್‌ನ ಕಾಲಕ್ಕೆ ಅದೇ ಪದ ಶ್ರೀಮಂತ ಭೂಮಾಲೀಕನನ್ನು ಸೂಚಿಸತೊಡಗಿತ್ತು. ‘ಮಾಬ್’ ಎಂದರೆ ಗಲಭೆಯ ಗುಂಪಲ್ಲ, ದನ ಕುರಿ ಕುದುರೆಗಳ ಮಂದೆ. ‘ಡ್ರೋವರ್’ ಅಂಥ ಮಂದೆಯನ್ನು ತಿಂಗಳುಗಟ್ಟಲೆ ನಡೆಸಿಕೊಂಡು ಹೋಗುವವನು. ‘ಸ್ವ್ಯಾಗ್‌ಮನ್’ ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಕೆಲಸ ಹುಡುಕುತ್ತ ಅಲೆಯುವವನು. ‘ಬ್ರಂಬಿ’ ಕಾಡುಪಾಲಾದ ಕುದುರೆ. ಇಷ್ಟು ತಿಳಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಕೆಲವೆಡೆ ಪದಕ್ಕಿಂತ ಹೆಚ್ಚಾಗಿ ಆಗಿನ ಕಾಯಿದೆಯನ್ನು ತಿಳಿದಿರಬೇಕಾಗುತ್ತದೆ. 1894ರ ‘ಸಾಲ್ಟ್‌ಬುಷ್ ಬಿಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆಯವರ ನೆಲದ ಮೂಲಕ ಸಾಗುವ ಕುರಿಮಂದೆ ದಿನಕ್ಕೆ ಆರು ಮೈಲಿಯಾದರೂ ನಡೆಯಲೇಬೇಕೆಂಬ ನಿಯಮವಿತ್ತು. ಮಂದೆ ಹೊಡೆಯುವವನಿಗೆ ಬೇಕಾದದ್ದು ಹಸಿರು ಕಂಡಲ್ಲಿ ಮೇಯಿಸಲು ಒಂದಿಷ್ಟು ಹೊತ್ತು. ನೆಲದ ಯಜಮಾನನಿಗೆ ಬೇಕಾದದ್ದು ಅವನು ಬೇಗ ತೊಲಗುವುದು. ಇದನ್ನು ಅರಿತವರಿಗಷ್ಟೇ, ಇಂಗ್ಲೆಂಡಿನಿಂದ ಹೊಸದಾಗಿ ಬಂದ ಯುವಕನೊಂದಿಗೆ ಬಿಲ್ ಗಂಟೆಗಟ್ಟಲೆ ಗುದ್ದಾಡಿ ಬೇಕೆಂದೇ ಸೋಲುವುದರ ಸ್ವಾರಸ್ಯ ದಕ್ಕುತ್ತದೆ. ಗುದ್ದಾಟ ಮುಗಿಯುವಷ್ಟರಲ್ಲಿ ಕುರಿಗಳ ಹೊಟ್ಟೆ ತುಂಬಿರುತ್ತದೆ.

ಹೆನ್ರಿ ಲಾಸನ್‌ನನ್ನು ಪಕ್ಕದಲ್ಲಿಟ್ಟುಕೊಳ್ಳಿ

ಪ್ಯಾಟರ್ಸನ್‌ನನ್ನು ಒಂಟಿಯಾಗಿ ಓದಬಾರದು ಎಂಬುದು ಈ ಕೈಪಿಡಿಯಲ್ಲಿ ನಾನು ಒತ್ತಿ ಹೇಳಲು ಬಯಸುವ ಮಾತು. ಅವನ ಸಮಕಾಲೀನ ಹೆನ್ರಿ ಲಾಸನ್ 1867ರಲ್ಲಿ ಗ್ರೆನ್‌ಫೆಲ್‌ನ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದವನು, ಬಡತನದಲ್ಲಿ ಬೆಳೆದವನು, ಬಾಲ್ಯದಲ್ಲಿಯೇ ಕಿವಿ ಮಂದವಾದವನು. ಅವನು ಕಂಡ ಒಳನಾಡಿನಲ್ಲಿ ಬರ, ನೊಣ, ಸಾಲ, ಒಂಟಿತನ ತುಂಬಿದ್ದವು.

1892ರ ಜುಲೈನಲ್ಲಿ ಲಾಸನ್ ‘ಬುಲೆಟಿನ್’ನಲ್ಲಿ ಒಂದು ಪದ್ಯ ಬರೆದ. ಮುಂದೆ ‘ಅಪ್ ದ ಕಂಟ್ರಿ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಪದ್ಯದಲ್ಲಿ, ಕವಿಗಳು ಹೊಗಳುವ ಆ ಸೊಗಸಿನ ನಾಡನ್ನು ಹುಡುಕಿಕೊಂಡು ಹೋಗಿ ಕಾಣದೆ ಹಿಂದಿರುಗಿದವನ ಕಹಿಯಿದೆ. ಎರಡೇ ವಾರದಲ್ಲಿ ಪ್ಯಾಟರ್ಸನ್ ‘ಇನ್ ಡಿಫೆನ್ಸ್ ಆಫ್ ದ ಬುಷ್’ ಎಂಬ ಉತ್ತರ ಕೊಟ್ಟ: ನೀನು ಬರಗಾಲದಲ್ಲಿ ಹೋದೆ, ಮಳೆ ಬಂದ ಮೇಲೆ ಅದೇ ನೆಲವನ್ನು ನೋಡಬೇಕಿತ್ತು, ನಿನಗೂ ಆ ನಾಡಿಗೂ ಹೊಂದುವುದಿಲ್ಲ ಎಂಬುದು ಅದರ ಸಾರ. ಲಾಸನ್ ಸುಮ್ಮನಿರಲಿಲ್ಲ. ಮುಂದೆ ‘ದ ಸಿಟಿ ಬುಷ್‌ಮನ್’ ಎಂದು ಹೆಸರಾದ ಮರುಪದ್ಯದಲ್ಲಿ, ನಗರದಲ್ಲಿ ಕುಳಿತು ಒಳನಾಡನ್ನು ಹಾಡುವವನೇ, ಕತ್ತಲ ರಾತ್ರಿಯಲ್ಲಿ ಬೆನ್ನ ಮೇಲೆ ತಣ್ಣೀರು ಇಳಿಯುತ್ತಿರುವಾಗ ದನ ಕಾದಿದ್ದೀಯಾ ಎಂದು ಕೇಳಿದ. ಎಡ್ವರ್ಡ್ ಡೈಸನ್‌ನಂಥ ಬೇರೆ ಕವಿಗಳೂ ಇದರಲ್ಲಿ ಸೇರಿಕೊಂಡರು. ಓದುಗರು ವಾರವಾರವೂ ಕಾದು ಓದಿದರು. ಪದ್ಯಕ್ಕೆ ಅದರ ಉದ್ದವನ್ನು ನೋಡಿ ಹಣ ಕೊಡುತ್ತಿದ್ದ ಕಾಲದಲ್ಲಿ, ಇಬ್ಬರೂ ಎದುರುಬದುರಾಗಿ ಬರೆದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತೆಂಬ ಸಲಹೆ ಲಾಸನ್‌ನದೇ ಆಗಿತ್ತೆಂದು ಪ್ಯಾಟರ್ಸನ್ ವೃದ್ಧಾಪ್ಯದಲ್ಲಿ ನೆನಪಿಸಿಕೊಂಡಿದ್ದಾನೆ. ಆದರೂ ಆ ಪದ್ಯಗಳಲ್ಲಿನ ಕಾವು ಬರಿಯ ನಟನೆಯೆಂದು ನನಗೆ ಎಂದೂ ಅನ್ನಿಸಿಲ್ಲ. ಅದೇ ವರ್ಷದ ಕೊನೆಯಲ್ಲಿ, ಪತ್ರಿಕೆಯ ಸಂಪಾದಕ ಆರ್ಚಿಬಾಲ್ಡ್ ಕೊಟ್ಟ ಐದು ಪೌಂಡ್ ಮತ್ತು ರೈಲು ಟಿಕೆಟ್ಟಿನೊಂದಿಗೆ ಲಾಸನ್ ಬರ್ಕ್ ಪಟ್ಟಣಕ್ಕೆ ಹೋಗಿ, ಅಲ್ಲಿಂದ ಹಂಗರ್‌ಫರ್ಡ್‌ವರೆಗೆ ಬರಗಾಲದ ನೆಲದಲ್ಲಿ ಕಾಲ್ನಡಿಗೆಯಲ್ಲಿ ಅಲೆದ.

ಈ ನಾಲ್ಕಾರು ಪದ್ಯಗಳನ್ನು ಪ್ರಕಟವಾದ ಕ್ರಮದಲ್ಲಿಯೇ ಒಂದೇ ಕೂರುವಿಕೆಯಲ್ಲಿ ಓದಿ. ಯಾರು ಗೆದ್ದರೆಂದು ತೀರ್ಮಾನಿಸುವ ಮೊದಲು ಪ್ಯಾಟರ್ಸನ್‌ನ ‘ಆನ್ ಕೈಲೀಸ್ ರನ್’ ಪದ್ಯವನ್ನೂ ನೋಡಿ. ಒಳ್ಳೆಯ ದಿನಗಳನ್ನು ಕಂಡಿದ್ದ ನೆಲೆಯೊಂದು ಬರ ಮತ್ತು ಸಾಲದಿಂದ ಬ್ಯಾಂಕಿನ ಪಾಲಾಗುವುದು ಅದರ ವಸ್ತು. ಅದು ಬಂದದ್ದು 1890ರಲ್ಲಿ, ಲಾಸನ್‌ನೊಂದಿಗಿನ ವಾದಕ್ಕಿಂತ ಎರಡು ವರ್ಷ ಮೊದಲು. ಒಳನಾಡಿನ ಸಂಕಟ ಅವನಿಗೆ ತಿಳಿಯದ್ದೇನೂ ಆಗಿರಲಿಲ್ಲ. ತಿಳಿದೂ ಅವನು ಬೆಳಕಿನ ಕಡೆಗೆ ಮುಖ ಮಾಡಿದ.

ಹಣದ ನೋಟಿನ ಕತೆಗೆ ಇಲ್ಲೊಂದು ತಿರುವಿದೆ. 1966ರಲ್ಲಿ ಡಾಲರ್ ಚಲಾವಣೆಗೆ ಬಂದಾಗ ಹತ್ತರ ನೋಟಿನ ಮೇಲಿದ್ದವನು ಲಾಸನ್. 1993ರಲ್ಲಿ ಆ ಜಾಗಕ್ಕೆ ಪ್ಯಾಟರ್ಸನ್ ಬಂದ.

‘ವಾಲ್ಟ್‌ಜಿಂಗ್ ಮಟಿಲ್ಡಾ’: ಹಾಡನ್ನು ಬಿಡಿಸಿ ನೋಡುವ ಬಗೆ

ಈ ಹಾಡನ್ನು ಮೂರನೆಯದಾಗಿ ಅಥವಾ ನಾಲ್ಕನೆಯದಾಗಿ ಓದುವುದು ಒಳ್ಳೆಯದು. ಮೊದಲೇ ಓದಿದರೆ ಅದರ ಜನಪ್ರಿಯತೆಯೇ ಅಡ್ಡ ಬರುತ್ತದೆ. 1895ರಲ್ಲಿ ಪ್ಯಾಟರ್ಸನ್ ಕ್ವೀನ್ಸ್‌ಲ್ಯಾಂಡಿನ ವಿಂಟನ್ ಬಳಿಯ ಡ್ಯಾಗ್‌ವರ್ತ್ ನೆಲೆಗೆ ಅತಿಥಿಯಾಗಿ ಹೋಗಿದ್ದ. ಆ ಮನೆತನದ ಕ್ರಿಸ್ಟಿನಾ ಮ್ಯಾಕ್‌ಫರ್ಸನ್, ಹಿಂದಿನ ವರ್ಷ ವಾರ್ನಂಬೂಲ್ ಕುದುರೆ ಪಂದ್ಯದಲ್ಲಿ ಕೇಳಿದ್ದ ಸ್ಕಾಟಿಷ್ ಮೂಲದ ಧಾಟಿಯೊಂದನ್ನು ನೆನಪಿನಿಂದ ನುಡಿಸಿದಳು. ಅವನು ಅದಕ್ಕೆ ಮಾತು ಹೊಂದಿಸಿದ. ಇಂದು ಎಲ್ಲರೂ ಹಾಡುವ ರೂಪ ಬಹುಮಟ್ಟಿಗೆ 1903ರದು. ಚಹಾ ಕಂಪನಿಯೊಂದರ ಪ್ರಚಾರಕ್ಕಾಗಿ ಮರೀ ಕೋವನ್ ಎಂಬಾಕೆ ಧಾಟಿಯನ್ನೂ ಮಾತನ್ನೂ ಅಲ್ಲಲ್ಲಿ ತಿದ್ದಿದಳು. ಹಾಗಾಗಿ ಪಠ್ಯ ಹುಡುಕುವಾಗ ಒಂದಕ್ಕೊಂದು ಪೂರ್ತಿ ಹೊಂದದ ರೂಪಗಳು ಸಿಕ್ಕಿದರೆ ಗಾಬರಿಯಾಗಬೇಡಿ.

‘ವಾಲ್ಟ್‌ಜಿಂಗ್’ ಇಲ್ಲಿ ನೃತ್ಯವಲ್ಲ. ಕುಶಲಕರ್ಮಿಗಳು ಕೆಲಸ ಕಲಿಯುತ್ತ ಊರೂರು ಅಲೆಯುವುದಕ್ಕೆ ಜರ್ಮನ್ ಭಾಷೆಯಲ್ಲಿದ್ದ ನುಡಿಯಿಂದ ಬಂದದ್ದೆಂದು ಹೇಳುತ್ತಾರೆ. ‘ಮಟಿಲ್ಡಾ’ ಎಂದರೆ ಹೆಗಲ ಮೇಲಿನ ಹಾಸಿಗೆ ಸುರುಳಿ. ಅಲೆಮಾರಿಯೊಬ್ಬ ನೀರಿನ ಮಡುವಿನ ಬಳಿ ಚಹಾಕ್ಕೆ ನೀರು ಕಾಯಿಸುತ್ತಾನೆ, ನೀರು ಕುಡಿಯಲು ಬಂದ ಕುರಿಯನ್ನು ಹಿಡಿದು ಚೀಲಕ್ಕೆ ತುಂಬುತ್ತಾನೆ; ಭೂಮಾಲೀಕನೂ ಮೂವರು ಪೊಲೀಸರೂ ಬಂದಾಗ ಸೆರೆ ಸಿಕ್ಕುವ ಬದಲು ಮಡುವಿಗೆ ಹಾರಿ ಸಾಯುತ್ತಾನೆ. ಕುಣಿಸುವ ಧಾಟಿಯೊಳಗೆ ಇಂಥದೊಂದು ಸಾವಿದೆ. ಇದರ ಹಿನ್ನೆಲೆಯಲ್ಲಿ 1891 ಮತ್ತು 1894ರ ಉಣ್ಣೆ ಕತ್ತರಿಸುವ ಕಾರ್ಮಿಕರ ಮುಷ್ಕರಗಳಿವೆ. 1894ರ ಸೆಪ್ಟೆಂಬರಿನಲ್ಲಿ ಮುಷ್ಕರದವರು ಡ್ಯಾಗ್‌ವರ್ತ್‌ನ ಉಣ್ಣೆ ಕತ್ತರಿಸುವ ಕೊಟ್ಟಿಗೆಗೆ ಬೆಂಕಿ ಇಟ್ಟರು. ಅದೇ ಸಂದರ್ಭದಲ್ಲಿ ಹಾಫ್‌ಮೈಸ್ಟರ್ ಎಂಬ ಕಾರ್ಮಿಕ ನೀರಿನ ಮಡುವೊಂದರ ಸಮೀಪ ಶವವಾಗಿ ಸಿಕ್ಕ. ಹಾಡು ಈ ಘಟನೆಯ ವರದಿಯೆಂದು ಸಾಧಿಸಹೊರಡುವುದು ಅವಸರದ ಮಾತಾದೀತು. ಆದರೆ ಭೂಮಾಲೀಕನ ಮನೆಯಲ್ಲಿಯೇ ಕುಳಿತು ಕವಿ ಅಲೆಮಾರಿಯ ಪಕ್ಷ ವಹಿಸಿದ ಎಂಬುದು ಎದ್ದು ಕಾಣುತ್ತದೆ. 1977ರಲ್ಲಿ ರಾಷ್ಟ್ರೀಯ ಗೀತೆ ಯಾವುದಿರಬೇಕೆಂದು ಜನಮತ ಕೇಳಿದಾಗ ಕುರಿ ಕದ್ದವನ ಈ ಹಾಡು ನೂರಕ್ಕೆ 28ರಷ್ಟು ಮತ ಪಡೆದು ಎರಡನೆಯ ಸ್ಥಾನದಲ್ಲಿ ನಿಂತಿತು.

ಅದೇ 1895ರ ಅಕ್ಟೋಬರಿನಲ್ಲಿ ಸಿಡ್ನಿಯ ಆ್ಯಂಗಸ್ ಅಂಡ್ ರಾಬರ್ಟ್‌ಸನ್ ಪ್ರಕಾಶನ ಅವನ ಮೊದಲ ಸಂಕಲನ ‘ದಿ ಮ್ಯಾನ್ ಫ್ರಮ್ ಸ್ನೋಯಿ ರಿವರ್ ಅಂಡ್ ಅದರ್ ವರ್ಸಸ್’ ಅನ್ನು ತಂದಿತು. ಮೊದಲ ಮುದ್ರಣ ಒಂದೇ ವಾರದಲ್ಲಿ ಖರ್ಚಾಗಿ, ಕೆಲವೇ ತಿಂಗಳಲ್ಲಿ 7,000 ಪ್ರತಿಗಳು ಮಾರಾಟವಾದವು. ಈ ಕವಿಯ ಕೃತಿಗಳು ಆಸ್ಟ್ರೇಲಿಯಾದಲ್ಲಿ ಹಕ್ಕುಸ್ವಾಮ್ಯದಿಂದ ಮುಕ್ತವಾಗಿರುವುದರಿಂದ ಆ ಸಂಕಲನ ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೈಯಲ್ಲಿರಬೇಕಾದದ್ದು ಅದೊಂದೇ ಪುಸ್ತಕ ಎಂದರೂ ನಡೆದೀತು.

ನಗಿಸುವ ಪದ್ಯಗಳು, ಮತ್ತು ಆಮೇಲಿನ ವರ್ಷಗಳು

ಓದು ಭಾರವೆನ್ನಿಸಿದಾಗ ‘ದ ಮ್ಯಾನ್ ಫ್ರಮ್ ಐರನ್‌ಬಾರ್ಕ್’, ‘ಎ ಬುಷ್ ಕ್ರಿಸ್ಟನಿಂಗ್’, ‘ಮಲ್ಗಾ ಬಿಲ್ಸ್ ಬೈಸಿಕಲ್’ ಈ ಮೂರನ್ನು ಓದಿ. 1896ರ ಬೈಸಿಕಲ್ ಪದ್ಯದ ಹಿಂದೆ ಆಗಿನ ಸೈಕಲ್ ಹುಚ್ಚು ಇದೆ. ಕುದುರೆಯನ್ನು ಬಿಟ್ಟು ಸೈಕಲ್ ಏರಿದವನಿಗೆ ಆಗುವ ಗತಿಯನ್ನು ಕುದುರೆಯ ಕವಿಯಲ್ಲದೆ ಬೇರಾರು ಇಷ್ಟು ಪ್ರೀತಿಯಿಂದ ಹೇಳಿಯಾರು?

ಆಮೇಲಿನ ಬದುಕನ್ನು ಬೇಗನೆ ಹೇಳಿಬಿಡಬಹುದು, ಏಕೆಂದರೆ ಒಳ್ಳೆಯ ಪದ್ಯಗಳು ಬಹುಪಾಲು ಅದಕ್ಕೆ ಮೊದಲಿನವು. 1899ರಲ್ಲಿ ‘ಸಿಡ್ನಿ ಮಾರ್ನಿಂಗ್ ಹೆರಾಲ್ಡ್’ ಮತ್ತು ಮೆಲ್ಬರ್ನಿನ ‘ಏಜ್’ ಪತ್ರಿಕೆಗಳ ವರದಿಗಾರನಾಗಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಹೋದ. 1901ರಲ್ಲಿ ಚೀನಾಕ್ಕೆ ಹೋದ. 1902ರಲ್ಲಿ ವಕೀಲಿ ಬಿಟ್ಟ. 1903ರಲ್ಲಿ ಟೆಂಟರ್‌ಫೀಲ್ಡಿನ ಆಲಿಸ್ ವಾಕರ್‌ಳನ್ನು ಮದುವೆಯಾಗಿ ಸಿಡ್ನಿಯ ‘ಈವ್ನಿಂಗ್ ನ್ಯೂಸ್’ ಸಂಪಾದಕನಾದ. 1905ರಲ್ಲಿ ಅವನು ಜನರ ಬಾಯಲ್ಲಿದ್ದ ಹಳೆಯ ಹಾಡುಗಳನ್ನು ‘ಓಲ್ಡ್ ಬುಷ್ ಸಾಂಗ್ಸ್’ ಎಂಬ ಸಂಕಲನವಾಗಿ ತಂದದ್ದು ಅವನ ಸ್ವಂತ ಪದ್ಯಗಳಷ್ಟೇ ಬೆಲೆಯುಳ್ಳ ಕೆಲಸವೆಂದು ನನ್ನ ಎಣಿಕೆ. ಅವನ ಲಯದ ಬೇರು ಎಲ್ಲಿದೆಯೆಂದು ತಿಳಿಯಬಯಸುವವರು ಅದನ್ನು ತಪ್ಪದೆ ನೋಡಬೇಕು. 1908ರಲ್ಲಿ ಕಚೇರಿಯನ್ನು ತೊರೆದು ವೀ ಜ್ಯಾಸ್ಪರ್ ಬಳಿಯ ಗುಡ್ಡನಾಡಿನಲ್ಲಿ ಸಾಕಣೆಗೆ ನಿಂತ, ಆಮೇಲೆ ಗ್ರೆನ್‌ಫೆಲ್ ಸಮೀಪ ಗೋಧಿ ಬೆಳೆದ. ‘ಕ್ಲ್ಯಾನ್ಸಿ’ಯ ನಿರೂಪಕ ಬಯಸಿದ್ದನ್ನು ಕವಿ ನಿಜವಾಗಿ ಮಾಡಿ ನೋಡಿದ, ಬೇಸಾಯ ಕೈಹಿಡಿಯಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಅವನು ಫ್ರಾನ್ಸಿನಲ್ಲಿ ಆ್ಯಂಬುಲೆನ್ಸ್ ಓಡಿಸಿ, ಬಳಿಕ ಈಜಿಪ್ಟಿನಲ್ಲಿ ಸೇನೆಗೆ ಕುದುರೆಗಳನ್ನು ಪಳಗಿಸಿ ಒದಗಿಸುವ ದಳದ ಮೇಜರ್ ಆದ. ಆಸ್ಟ್ರೇಲಿಯಾದಿಂದ ಆ ಯುದ್ಧಕ್ಕಾಗಿ ಸಮುದ್ರ ದಾಟಿದ ಕುದುರೆಗಳು ಒಂದು ಲಕ್ಷಕ್ಕೂ ಹೆಚ್ಚು. ಮರಳಿ ತಾಯ್ನೆಲ ಮುಟ್ಟಿದ್ದು ಸ್ಯಾಂಡಿ ಎಂಬ ಒಂದೇ ಕುದುರೆ. ಈ ಸಂಗತಿ ತಿಳಿದ ಮೇಲೆ ‘ಸ್ನೋಯಿ ರಿವರ್’ನ ಆ ರಕ್ತಸಿಕ್ತ ಪುಟ್ಟ ಕುದುರೆಯನ್ನು ಮೊದಲಿನಂತೆಯೇ ಓದಲು ನನ್ನಿಂದ ಆಗಿಲ್ಲ. 1934ರಲ್ಲಿ ಬಂದ ‘ಹ್ಯಾಪಿ ಡಿಸ್ಪ್ಯಾಚಸ್’ ಎಂಬ ನೆನಪುಗಳ ಪುಸ್ತಕದಲ್ಲಿ ಅವನ ಗದ್ಯದ ಸೊಗಸು ಕಾಣುತ್ತದೆ. 1941ರ ಫೆಬ್ರುವರಿ 5ರಂದು, 77 ತುಂಬಲು ಹನ್ನೆರಡು ದಿನವಿರುವಾಗ, ಸಿಡ್ನಿಯಲ್ಲಿ ತೀರಿಕೊಂಡ.

ಮೌನಗಳನ್ನೂ ಓದಬೇಕು

ಮೆಚ್ಚುವ ಕವಿಯೆಂದು ಕಣ್ಣು ಮುಚ್ಚಿಕೊಳ್ಳುವುದು ಸರಿಯಲ್ಲ. ಪ್ಯಾಟರ್ಸನ್ ಹುಟ್ಟಿದ ಆರೆಂಜ್ ಪ್ರದೇಶ ವಿರಾಜುರಿ ಜನರ ನೆಲ. ನೀರಿನ ಮಡುವನ್ನು ಹೇಳುವ ‘ಬಿಲ್ಲಬಾಂಗ್’ ಎಂಬ ಪದ ಅವರ ಭಾಷೆಯಿಂದ ಬಂದದ್ದು. ‘ಕೂಲಿಬಾ’ ಮರದ ಹೆಸರೂ ಮೂಲನಿವಾಸಿಗಳ ನುಡಿಯಿಂದಲೇ ಬಂದಿದೆ. ಅವರ ಪದಗಳು ಅವನ ಹಾಡಿನೊಳಗೆ ಬಂದು ಕುಳಿತಿವೆ, ಆ ಜನ ಮಾತ್ರ ಬಂದಿಲ್ಲ. ಅಪರೂಪಕ್ಕೆ ಬಂದಾಗಲೂ ಗೌರವದ ಜಾಗ ಸಿಕ್ಕಿಲ್ಲ. ‘ಎ ಬುಷ್‌ಮನ್ಸ್ ಸಾಂಗ್’ನಲ್ಲಿ ಚೀನೀ ಕೂಲಿಗಳ ಬಗ್ಗೆ ಬರುವ ತಾತ್ಸಾರವೂ ಆ ಕಾಲದ ಕಾರ್ಮಿಕರ ನಡುವೆ ಹರಡಿದ್ದ ದ್ವೇಷವನ್ನೇ ಹೊತ್ತಿದೆ. ಹೆಂಗಸರಂತೂ ಅವನ ಬಯಲಿನಲ್ಲಿ ಬಹಳ ವಿರಳ. ಅದೇ ವರ್ಷಗಳಲ್ಲಿ ಲಾಸನ್ ಮಂದೆ ಹೊಡೆಯುವವನ ಹೆಂಡತಿಯನ್ನು ಕೇಂದ್ರದಲ್ಲಿಟ್ಟು ಕತೆ ಬರೆದಿದ್ದ. ಇಂಥ ಸಾಲುಗಳು ಎದುರಾದಾಗ ದಾಟಿಕೊಂಡು ಹೋಗದೆ ಅಂಚಿನಲ್ಲಿ ಗುರುತು ಹಾಕಿಕೊಳ್ಳುವುದು ನನ್ನ ಅಭ್ಯಾಸ. ತೆರೆದ ಬಯಲು ಯಾರೂ ಇಲ್ಲದ ಬಯಲಾಗಿರಲಿಲ್ಲ ಎಂಬುದನ್ನು ಆ ಗುರುತುಗಳು ನೆನಪಿಸುತ್ತಿರುತ್ತವೆ.

ಅನುವಾದಿಸಿ ನೋಡಿ, ಆಮೇಲೆ ಇನ್ನೊಂದು ಪತ್ರ ಓದಿ

ಇಷ್ಟಾದ ಮೇಲೆ ಒಂದು ಪದ್ಯವನ್ನು ಕನ್ನಡಕ್ಕೆ ತರಲು ಪ್ರಯತ್ನಿಸುವುದಕ್ಕಿಂತ ಒಳ್ಳೆಯ ಓದು ಇಲ್ಲ. ಪ್ರಕಟಿಸುವ ಉದ್ದೇಶವೇನೂ ಬೇಕಾಗಿಲ್ಲ. ಮೊದಲು ಪ್ರಾಸದ ಆಸೆಯನ್ನು ಬಿಟ್ಟು ಓಟವನ್ನು ಹಿಡಿಯಿರಿ. ನಾಲ್ಕು ಅಥವಾ ಮೂರು ಮಾತ್ರೆಯ ಗಣಗಳಲ್ಲಿ ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಬಿಡಬೇಡಿ. ‘ಸ್ಟೇಷನ್’, ‘ಸ್ವ್ಯಾಗ್’, ‘ಬಿಲ್ಲಬಾಂಗ್’ ಇವುಗಳನ್ನು ಹಾಗೆಯೇ ಉಳಿಸಿ. ಸ್ವ್ಯಾಗ್‌ಮನ್‌ನನ್ನು ಜಂಗಮನನ್ನಾಗಿಸಿದರೆ ಅವನ ಹಸಿವೂ ಮುಷ್ಕರವೂ ಒಟ್ಟಿಗೆ ಮಾಯವಾಗುತ್ತವೆ. ನದಿಗಳ ಹೆಸರನ್ನು ಒಂದನ್ನೂ ಬಿಡಬೇಡಿ, ಏಕೆಂದರೆ ಲಾಕ್ಲನ್, ಕೂಪರ್, ಬಾರ್ಕೂ, ಕ್ಯಾಸಲ್ರೇ ಎಂದು ಹೆಸರುಗಳನ್ನು ಉಚ್ಚರಿಸುವುದರಲ್ಲಿಯೇ ಕವಿ ಅರ್ಧ ಪಯಣ ಮುಗಿಸುತ್ತಾನೆ.

ಕೊನೆಯಲ್ಲಿ ಓದಬೇಕಾದ ಪದ್ಯವೆಂದರೆ 1894ರ ‘ದ ಟ್ರ್ಯಾವೆಲಿಂಗ್ ಪೋಸ್ಟ್ ಆಫೀಸ್’. ಇದರಲ್ಲಿಯೂ ಒಂದು ಪತ್ರವಿದೆ. ಮಗ ಮಂದೆ ಹೊಡೆಯಲು ಹೋಗಿದ್ದಾನೆ. ಮುದುಕ ತಂದೆಗೆ ಅವನಿಗೊಂದು ಕಾಗದ ಬರೆಸಬೇಕಾಗಿದೆ. ಅವನು ಇಂದು ಒಂದೆಡೆ, ನಾಳೆ ಮತ್ತೊಂದೆಡೆ. ಇಂಥವನಿಗೆ ವಿಳಾಸ ಎಲ್ಲಿಂದ ಬರಬೇಕು? ತಂದೆ ಹೇಳಿ ಬರೆಸುವ ವಿಳಾಸದಲ್ಲಿ ಊರಿಲ್ಲ, ಮನೆಯಿಲ್ಲ. ಕ್ಯಾಸಲ್ರೇ ನದಿಯ ಗುಂಟ ಸಾಗುತ್ತಿರುವ ಕಾನ್‌ರಾಯ್‌ನ ಕುರಿಗಳ ಮುಖಾಂತರ ಆ ಪತ್ರ ಹೋಗುತ್ತದೆ. ‘ಕ್ಲ್ಯಾನ್ಸಿ’ಯಲ್ಲಿ ಪತ್ರ ಬರೆದವನು ನಗರದ ಗುಮಾಸ್ತೆಯಂಥವನು, ಇಲ್ಲಿ ಹಿಂದೆ ಉಳಿದ ತಂದೆ. ರೈಲಿನಲ್ಲಿ, ಕುದುರೆಗಾಡಿಯಲ್ಲಿ, ಬಯಲು ದಾಟಿ, ನದಿಯ ತೀರ ಹಿಡಿದು ಕುರಿಮಂದೆಯ ಧೂಳನ್ನೇ ಗುರುತಾಗಿಸಿಕೊಂಡು ಆ ಲಕೋಟೆ ಸಾಗುವುದನ್ನು ಜೋರಾಗಿ ಓದಿಕೊಳ್ಳಿ. ಆಮೇಲೆ ಪುಟ ತಿರುವಿ ‘ಕ್ಲ್ಯಾನ್ಸಿ’ಯನ್ನು ಇನ್ನೊಮ್ಮೆ ಮೊದಲಿನಿಂದ ಓದಿ.